ಅಪ್ಪನ ತ್ರೀ ಫಿಫ್ಟೀನ್, ಚಾಚಾನ ತ್ರೀ ಸೆವೆಂಟಿಫೈವ್

ಸತ್ತವರ ಸಾಮಾನನ್ನು ಅವಸರದಲ್ಲಿ ಸಾಗಹಾಕಿ, ಆಮೇಲೆ ಅದನ್ನೇ ಯಾರೋ ಕೇಳಿಕೊಂಡು ಬಂದಾಗ ತಲೆ ತಗ್ಗಿಸಿ ನಿಂತಿದ್ದೀರಾ? ನಾನು ನಿಂತಿದ್ದೇನೆ.

ನಮ್ಮದು ಗೌರಿಬಿದನೂರಿನ ಪಕ್ಕದ ಹಳ್ಳಿ. ಅಪ್ಪನದು ಲೈಸೆನ್ಸ್ ಇದ್ದ ತ್ರೀ ಫಿಫ್ಟೀನ್ ರೈಫಲ್. ಚಿಂತಾಮಣಿಯಲ್ಲಿ ರೇಷ್ಮೆಗೂಡಿನ ವ್ಯಾಪಾರ ಮಾಡುತ್ತಿದ್ದ ಅವರ ಗೆಳೆಯರದು ಅದಕ್ಕಿಂತ ದಪ್ಪ ಗುಂಡಿನ ತ್ರೀ ಸೆವೆಂಟಿಫೈವ್. ನನಗೆ ಅವರು ಚಾಚಾ. ಶಿಕಾರಿ ನಿಷೇಧವಾಗುವ ಮುಂಚೆ, ಕಡಲೆಕಾಯಿ ಹೊಲಕ್ಕೆ ನುಗ್ಗುತ್ತಿದ್ದ ಒಂಟಿ ಹಂದಿಯೊಂದಕ್ಕೆ ಇಬ್ಬರೂ ಒಟ್ಟಿಗೇ ಈಡು ಹೊಡೆದರಂತೆ. ಹಂದಿ ಬಿತ್ತು. ಮೈಯಲ್ಲಿ ಒಂದೇ ಏಟು, ಗುಂಡು ಆಚೆಗೆ ತೂರಿಹೋಗಿತ್ತು. ಯಾರ ಗುಂಡು? ಆ ಜಗಳ ಐವತ್ತು ವರ್ಷ ನಡೆಯಿತು.

ಪ್ರತಿ ಭಾನುವಾರ ಚಾಚಾ ಚಿಕ್ಕಬಳ್ಳಾಪುರದಲ್ಲಿ ಬಸ್ ಬದಲಾಯಿಸಿಕೊಂಡು ಬರುತ್ತಿದ್ದರು. ಹಂದಿ ಹೊಡೆದ ದಿನದ ಖಾಲಿ ಕಾಡತೂಸನ್ನು ಅಪ್ಪ ಗೋಡೆಯ ಗೂಡಿನಿಂದ ತೆಗೆದರೆ, ಚಾಚಾ ತಮ್ಮದನ್ನು ಜುಬ್ಬದ ಜೇಬಿನಿಂದ ತೆಗೆಯುತ್ತಿದ್ದರು. ಜಗಲಿಯ ಮೇಲೆ ಎರಡನ್ನೂ ಅಕ್ಕಪಕ್ಕ ನಿಲ್ಲಿಸಿ ವಾದ ಶುರು. ಭಾರದ ಗುಂಡಾದರೆ ಮೂಳೆ ಮುರಿದು ಒಳಗೆ ಹೋಗುತ್ತೆ ಅಂತ ಚಾಚಾ. ಒದೆತ ಕಮ್ಮಿಯಿದ್ದರೆ ಗುರಿ ತಪ್ಪಲ್ಲ ಅಂತ ಅಪ್ಪ.

"ನಿಮ್ದು ಊದುಬತ್ತಿ ಇದ್ದಂಗಿದೆ. ಹಂದಿಗೆ ಪೂಜೆ ಮಾಡ್ಬೋದು ಅಷ್ಟೆ."

"ನಿಮ್ದು ಬರೀ ಸದ್ದು ಸಾಹೇಬ್ರೇ. ಹೊಡ್ದೋರ ಭುಜಾನೇ ಮೊದ್ಲು ಬೀಳೋದು."

ಚುನಾವಣೆ ಬಂದರೆ ಬಂದೂಕುಗಳನ್ನೆಲ್ಲ ಸ್ಟೇಷನ್ನಿನಲ್ಲಿ ಒಪ್ಪಿಸಬೇಕಲ್ಲ, ಹೋದ ಸಲ ಒಪ್ಪಿಸಿದ ರೈಫಲ್ ವಾಪಸ್ ಬರುವ ಮುಂಚೆಯೇ ಅಪ್ಪ ಹೋಗಿಬಿಟ್ಟರು. ಮನೆಯಲ್ಲಿ ಉಳಿದ ಕಾಡತೂಸುಗಳನ್ನೂ ತಂದುಕೊಡಿ ಎಂದರು ಸ್ಟೇಷನ್ನಿನವರು. ನನಗೆ ಬಂದೂಕಿನ ವಿಷಯ ಗೊತ್ತಿಲ್ಲ, ಭಯ ಮಾತ್ರ ಗೊತ್ತು. ಗೂಡಿನಲ್ಲಿದ್ದ ಆ ಖಾಲಿ ಕಾಡತೂಸನ್ನೂ ಸೇರಿಸಿ ಟವೆಲಿನಲ್ಲಿ ಗಂಟು ಕಟ್ಟಿಕೊಂಡು ಹೋದೆ. ಖಾಲಿಯದು ಬೇಡ, ತಗೊಂಡು ಹೋಗಿ ಅಂತ ಅಲ್ಲಿದ್ದವರು ಹೇಳಿದರು. ಇರಲಿ ಇಟ್ಟುಕೊಳ್ಳಿ ಅಂತ ನಾನೇ ಬಿಟ್ಟುಬಂದೆ.

ತಿಥಿ ಮುಗಿದ ಮೇಲಿನ ಭಾನುವಾರ ಚಾಚಾ ಬಂದರು. ಅದೇ ಜಾಗದಲ್ಲಿ ಕೂತು, ತಮ್ಮದನ್ನು ಜಗಲಿಯ ಮೇಲೆ ನಿಲ್ಲಿಸಿದರು.

"ಅಣ್ಣಂದು ತಗೊಂಡ್ ಬಾಪ್ಪ. ನಾನೇ ಇಟ್ಕೊತೀನಿ."

ಮಾಡಿದ್ದನ್ನು ಹೇಳಿದೆ. ಅವರು ಬೈಯಲಿಲ್ಲ. ಒಂಟಿಯಾಗಿ ನಿಂತಿದ್ದ ತಮ್ಮದನ್ನು ಕೈಗೆತ್ತಿಕೊಂಡರು.

"ನನ್ ಏಟು ಬಂಡೆಗೆ ಬಿತ್ತು. ಅವತ್ತೇ ಗೊತ್ತಿತ್ತು ನಂಗೆ."

ಮತ್ತೆ ಅಪ್ಪನಿಗೆ ಯಾಕೆ ಹೇಳಲಿಲ್ಲ ಎಂದೆ.

"ಹೇಳಿದ್ರೆ ಭಾನುವಾರ ಏನಂತ ಬರ್ಲಪ್ಪ ಇಲ್ಲಿಗೆ?"

ಖಾಲಿಯನ್ನು ಜೇಬಿಗೆ ಹಾಕಿಕೊಂಡು, ಟೀ ಕೂಡ ಕುಡಿಯದೆ ಹೊರಟರು. ಮಾರನೆಯ ದಿನ ಸ್ಟೇಷನ್ನಿಗೆ ಹೋಗಿ ಕೇಳಿದೆ, ಸಿಗಲಿಲ್ಲ. ಚಾಚಾ ಆಮೇಲೆ ಬಂದಿಲ್ಲ. ನಾನೂ ಚಿಂತಾಮಣಿಗೆ ಹೋಗಿಲ್ಲ. ಏನು ಹಿಡಿದುಕೊಂಡು ಹೋಗಲಿ?

ನೀವೂ ಹೀಗೆ ಏನಾದರೂ ಕಳೆದುಬಿಟ್ಟಿದ್ದರೆ ಕೆಳಗೆ ಬರೆಯಿರಿ. ಕೇಳಿಕೊಂಡು ಬಂದವರಿಗೆ ನೀವು ಏನು ಹೇಳಿದಿರಿ, ಅದನ್ನೂ ಬರೆಯಿರಿ.