ಐರ್ಲೆಂಡಿನವರು ಶಹಾಬಾದಿಗೆ ಬಂದಾಗ

ಹೈದರಾಬಾದಿನಲ್ಲಿ ಹಾಡಲು ಬಂದಿದ್ದ ಐರ್ಲೆಂಡಿನ ಜನಪದ ತಂಡವನ್ನು ನಮ್ಮೂರು ಶಹಾಬಾದಿಗೆ ಕರೆಸಿದವರು ಒಬ್ಬ ಕಲ್ಲು ಪಾಲಿಶ್ ಕಾರ್ಖಾನೆಯ ಮಾಲೀಕರು. ಇಂಗ್ಲಿಷ್ ಟೀಚರ್ ಎಂದು ನನ್ನನ್ನು ಅವರ ಬೆನ್ನಿಗೆ ಹಚ್ಚಿದರು. ವಾಡಿ ಸ್ಟೇಷನ್ನಿನಿಂದ ಬರುವಾಗ ಹಾಡುಗಾತಿ ಹೇಳಿದಳು: ತಮ್ಮ ದೇಶದಲ್ಲಿ ಇಂಥ ತಂಡ ಗಲ್ಲಿಗೊಂದಿದೆ, ಅದಕ್ಕೇ ಕೇಳುವವರನ್ನು ಹುಡುಕಿಕೊಂಡು ದೇಶ ದೇಶ ತಿರುಗುತ್ತಾರಂತೆ.

ಸಂಜೆ ಮೂರು ಹಾಡು ಮುಗಿದರೂ ಒಂದು ಚಪ್ಪಾಳೆಯಿಲ್ಲ. "ಸಿನಿಮಾ ಹಾಡು ಹಾಡ್ರಿ!" ಎಂದು ಹಿಂದಿನಿಂದ ಕೂಗು. ನನಗೆ ನಾಚಿಕೆಯಿಂದ ಸಾಯುವಂತಾಯಿತು. ಮುಂದಿನ ಸಾಲಿನಲ್ಲಿದ್ದ ಅಪ್ಪ ಮಾತ್ರ ಕುರ್ಚಿಯ ಕೈ ಮೇಲೆ ಬೆರಳಿನಿಂದ ತಾಳ ಹಾಕುತ್ತಿದ್ದ. ಡೋಲಿನವನು ಅದನ್ನು ಕಂಡ. ಅವನ ಡೋಲೋ, ಥೇಟ್ ನಮ್ಮ ಹಲಗೆಯೇ: ಗುಂಡನೆಯ ಕಟ್ಟು, ಒಂದೇ ಕಡೆ ಚರ್ಮ, ಕೈಯಲ್ಲೊಂದು ಕೋಲು. ಅದನ್ನು ಅಪ್ಪನ ಕಡೆ ಚಾಚಿಬಿಟ್ಟ.

ನಾವು ಬೌದ್ಧರಾದ ವರ್ಷವೇ ಅಪ್ಪ ಹಲಗೆ ಬಿಟ್ಟಿದ್ದ. ಸತ್ತವರ ಮನೆ ಮುಂದೆ ನಿಂತು ಬಾರಿಸಿ, ದೂರದಿಂದ ಎಸೆದದ್ದನ್ನು ಹೆಕ್ಕಿದ್ದು ಸಾಕು ಎಂದಿದ್ದ. ಇವತ್ತು ಊರ ಕಣ್ಣೆದುರು ಬಾರಿಸಿದರೆ ನಾಳೆ ಮತ್ತೆ ಬಾಗಿಲಿಗೆ ಬರುತ್ತಾರೆ. ಈ ಊರು ನನಗೆ ಗೊತ್ತಿಲ್ಲವೇ?

"ಏಳಪಾ, ನಿಮ್ಮ ಕಸುಬೇ ಅಲ್ಲೇನದು?" ಎಂದು ಮಾಲೀಕರು ನಕ್ಕರು.

ಮೈಯೆಲ್ಲ ಉರಿದುಹೋಯಿತು. "ಅಪ್ಪ, ಬ್ಯಾಡ," ಎಂದೆ.

"ಇರಲಿ ಬಿಡವ್ವ, ಕೈ ಭಾಳ ಕಡಿಯಾಕತ್ತಾವ," ಎಂದ ಅಪ್ಪ ಮಾಲೀಕರ ಕಡೆ ತಿರುಗಿದ. "ಅಂವ ಕುಂತು ಬಾರಿಸ್ತಾನ. ನನಗೂ ಮ್ಯಾಲ ಕುರ್ಚಿ ಹಾಕಸ್ರಿ."

ಮಾಲೀಕರ ನಗು ನಿಂತಿತು. ಯಾರೂ ಕದಲಲಿಲ್ಲ. ನಾನೇ ನನ್ನ ಕುರ್ಚಿ ಎಳೆದುಕೊಂಡು ಹೋಗಿ ವೇದಿಕೆಯ ನಡುವೆ ಹಾಕಿದೆ.

ಮೊದಲ ಏಟು ತಪ್ಪಿತು. ಎರಡನೆಯದಕ್ಕೆ ಪಿಟೀಲಿನವಳು ತಲೆಯೆತ್ತಿ ನೋಡಿದಳು. ಆಮೇಲೆ ಏನು ಕೇಳುತ್ತೀರಿ! ಗಣಿ ಕೆಲಸದ ಹೆಂಗಸರು ಸೆರಗು ಸಿಗಿಸಿ ಎದ್ದರು. ಸೀಟಿಯೋ ಸೀಟಿ, ಒನ್ಸ್ ಮೋರ್! ಇಷ್ಟು ದೇಶ ತಿರುಗಿದರೂ ಇಂಥ ಜನರನ್ನು ಕಂಡಿರಲಿಲ್ಲ ಎಂದು ಹಾಡುಗಾತಿ ನನ್ನನ್ನು ತಬ್ಬಿಕೊಂಡು ಅತ್ತಳು. ನಾನೂ ಅತ್ತೆ.

ಬೆಳಗ್ಗೆ ಬಾಗಿಲು ಬಡಿದ ಸದ್ದಾಯಿತು. ಮಾಲೀಕರ ಮನೆಯ ಆಳು ನಿಂತಿದ್ದ.

"ಮಾಲೀಕರ ಕಾಕಾ ತೀರಿಕೊಂಡಾರ. ಹಲಗಿ ತಗೊಂಡು ಬಾ ಅಂದಾರ."

ಬೈಗುಳ ನನ್ನ ಬಾಯಿಗೇ ಬಂದಿತ್ತು. ಅಪ್ಪ ಕೈಯೆತ್ತಿ ತಡೆದ.

"ನಿನ್ನಿ ನಾ ಮನಸ್ಸಿಗೆ ಬಂದು ಬಾರಿಸೀನಿ. ಸತ್ತವರು ಅವರ ಕಾಕಾ. ಅವರಿಗೂ ಎರಡು ಕೈ ಅದಾವ, ಬಾರಿಸಲಿ ಅನ್ನು."