ರಜಿಯಾಳ ಲಗೋರಿ

ಅಂಗವಿಕಲ ಮಕ್ಕಳ ಒಡಹುಟ್ಟಿದವರನ್ನು ಮಾತಾಡಿಸುವುದು ನನ್ನ ಕೆಲಸ. ರಜಿಯಾಳನ್ನು ನೋಡಲು ಬರುತ್ತೇನೆಂದು ಮೊದಲೇ ಹೇಳಿದ್ದರೂ, ಕಿಣ್ಣಿ ಸುಲ್ತಾನ ಎಂಬ ಊರಿನ ಆ ಮನೆಯಲ್ಲಿ ನಡೆಯಲು ಬಾರದ ಅವಳ ತಮ್ಮನಿಗೇ ಪೌಡರ್ ಬಳಿದು ಮುಂದೆ ಕೂರಿಸಿದ್ದರು.

"ರಜಿಯಾ ಎಲ್ಲ್ಯದಾಳ್ರಿ?"

"ಆಕಿಗೇನಾಗ್ಯಾದ್ರಿ? ಗಟ್ಟಿಮುಟ್ಟ ಅದಾಳ," ಎಂದಳು ಅಜ್ಜಿ.

ಹುಡುಗಿಯನ್ನು ಕರೆಸಿ, ನಿನಗೇನು ಬೇಕು ಎಂದು ಕೇಳಿದೆ.

"ತಮ್ಮ ನಡದ್ರ ಸಾಕಂತಾಳ್ರಿ." ಮತ್ತೆ ಅಜ್ಜಿಯದೇ ಉತ್ತರ.

"ಆಕಿಗೂ ಬಾಯಿ ಅದಲ್ರಿ!" ಎಂದು ರೇಗಿದೆ.

ರಜಿಯಾ ಮೆಲ್ಲಗೆ ಹೇಳಿದಳು: "ಲಗೋರಿ ಆಡ್ಬೇಕ್ರಿ. ಇವನ್ನ ಎತ್ಕೊಳ್ಳಲಾರ್ದ."

"ತೋಬಾ!" ಅಜ್ಜಿ ಕೆನ್ನೆ ಬಡಿದುಕೊಂಡಳು.

ನಾನು ಹುಡುಗನನ್ನು ತೊಡೆಗೆ ಎಳೆದುಕೊಂಡೆ. ರಜಿಯಾ ಹೊರಗೆ ಓಡಿದಳು. ಅವನು ನನ್ನ ತುರುಬು ಹಿಡಿದ.

"ಆಕೀನ್ನ ಕರೀಲೇನ್ರಿ?" ಎಂದಳು ಅಜ್ಜಿ.

"ಕರದ್ರ ನೋಡ್ರಿ!" ಎಂದೆ.

ಹಠದಲ್ಲಿ ನನ್ನನ್ನು ಮೀರಿಸುವವರಿಲ್ಲ ಅಂದುಕೊಂಡಿದ್ದೆ. ಅಕ್ಕ ಆಡಿ ಬರುವವರೆಗೂ ಅವನು ತುರುಬು ಬಿಡಲಿಲ್ಲ.