ಮೂವತ್ತು ಗ್ರಾಂ ಎಣ್ಣೆ

ಯಲಬುರ್ಗಾದಲ್ಲಿ ನಮ್ಮದು ಚಿಕ್ಕ ಕಿರಾಣಿ ಅಂಗಡಿ. ಶೇಂಗಾ ಎಣ್ಣೆಯನ್ನು ಬಿಡಿಯಾಗಿಯೂ ಮಾರುತ್ತೇನೆ. ಕೆಲವರು ಲೀಟರ್ ಕೇಳುತ್ತಾರೆ, ಕೆಲವರು ಕಿಲೋ. ಎಣ್ಣೆ ನೀರಿಗಿಂತ ಹಗುರ. ಒಂದು ಲೀಟರ್ ತೂಗಿದರೆ ಒಂಬೈನೂರ ಹತ್ತು ಗ್ರಾಂ ಆಸುಪಾಸು ಬರುತ್ತದೆ. ಅಂಗಡಿಕಾರನಿಗೆ ಇದು ದಿನನಿತ್ಯದ ಲೆಕ್ಕ. ಅದು ನಮ್ಮ ಅಡುಗೆಮನೆಗೂ ಬರುತ್ತದೆಂದು ನಾನು ಎಣಿಸಿರಲಿಲ್ಲ.

ಮಗಳಿಗೆ ಮೂರು ತುಂಬಿದ ಮೇಲೆ ಮೂರ್ಛೆ ರೋಗ ಶುರುವಾಯಿತು. ಆಡುತ್ತಾ ಆಡುತ್ತಾ ಬೀಳುತ್ತಿದ್ದಳು, ಕೈಕಾಲು ಸೆಟೆಯುತ್ತಿದ್ದವು. ಕೊಪ್ಪಳದಲ್ಲಿ ತೋರಿಸಿದೆವು, ಹುಬ್ಬಳ್ಳಿಗೆ ಅಲೆದೆವು. ಮಾತ್ರೆಗಳು ಬದಲಾದವೇ ಹೊರತು ಬೀಳುವುದು ನಿಲ್ಲಲಿಲ್ಲ. ಕೊನೆಗೆ ಹುಬ್ಬಳ್ಳಿಯ ಡಾಕ್ಟರು ಒಂದು ಪಥ್ಯ ಹೇಳಿದರು. ಅನ್ನ, ರೊಟ್ಟಿ, ಸಕ್ಕರೆ ಹೆಚ್ಚುಕಡಿಮೆ ಬಂದ್. ಎಣ್ಣೆ, ಬೆಣ್ಣೆ, ಕೆನೆಯೇ ಊಟ. ಕೆಲವು ಮಕ್ಕಳಿಗೆ ಇದರಿಂದ ಮೂರ್ಛೆ ಕಡಿಮೆಯಾಗುತ್ತದಂತೆ. ಪಥ್ಯ ವಿವರಿಸಿದ ಮೇಡಂ ನನ್ನ ಹೆಂಡತಿಗೆ ಒತ್ತಿ ಹೇಳಿದರು: "ಎಣ್ಣಿ ಮೂವತ್ತು ಗ್ರಾಂ. ಎಲ್ಲಾ ತೂಗಿ ಕೊಡ್ರಿ. ಅಂದಾಜಿನ ಮ್ಯಾಗ ಹಾಕಬ್ಯಾಡ್ರಿ."

ಮೊದಲ ದಿನ ಹೆಂಡತಿ ಸಿರಪ್ ಜೊತೆ ಬರುವ ಪುಟ್ಟ ಅಳತೆ ಕಪ್ಪಿಗೆ ಮೂವತ್ತರ ಗೆರೆಯವರೆಗೆ ಎಣ್ಣೆ ಸುರಿದಳು.

"ಇದು ಮೂವತ್ತು ಎಂಎಲ್ ಆತು. ಅವರು ಹೇಳಿದ್ದು ಗ್ರಾಂ," ಎಂದೆ.

"ಎರಡೂ ಒಂದ ಅಲ್ಲೇನ್ರಿ?"

"ನೀರಾದ್ರ ಒಂದ. ಎಣ್ಣಿ ಹಗುರ ಐತಿ."

ಅಂಗಡಿಯಲ್ಲಿ ಏಲಕ್ಕಿ, ಲವಂಗ ತೂಗುವ ಸಣ್ಣ ತಕ್ಕಡಿಯನ್ನು ಒಳಗೆ ತಂದೆ. ಖಾಲಿ ಕಪ್ಪಿನ ತೂಕ ಕಳೆದು ನೋಡಿದರೆ ಎಣ್ಣೆ ಇಪ್ಪತ್ತೇಳು ಗ್ರಾಂ ದಾಟಿತ್ತು, ಅಷ್ಟೆ. ಇನ್ನೊಂದು ಸ್ವಲ್ಪ ಸುರಿದಾಗ ಮೂವತ್ತಾಯಿತು. ಹೆಂಡತಿ ಗೆರೆ ಮೀರಿ ನಿಂತ ಎಣ್ಣೆಯನ್ನೇ ನೋಡಿದಳು.

"ಇಷ್ಟೆಲ್ಲಾ ಆ ಕೂಸು ಹೆಂಗ ನುಂಗಬೇಕ್ರಿ?" ಎಂದು ಸೆರಗು ಬಾಯಿಗೆ ಒತ್ತಿಕೊಂಡಳು.

ಮಗಳು ನುಂಗಿದಳು. ಮೊದಮೊದಲು ವಾಂತಿ ಮಾಡಿದಳು, ಉಗುಳಿದಳು, ಅಮ್ಮನ ಕೈಗೆ ಕಚ್ಚಿದಳು. ಮೇಡಂ ಅವರನ್ನೇ ಕೇಳಿ, ಎಣ್ಣೆಯನ್ನು ಮೊಟ್ಟೆಯಲ್ಲಿ ಕಡೆದು ಕೊಡತೊಡಗಿದ ಮೇಲೆ ಹೊಂದಿಕೊಂಡಳು. ನಾನು ಬಿಸ್ಕಿಟ್ ಡಬ್ಬಿಗಳನ್ನು ಮೇಲಿನ ಹಲಗೆಗೆ ಏರಿಸಿದೆ. ಅವಳು ತಲೆಯೆತ್ತಿ ನೋಡುತ್ತಿದ್ದಳು.

"ಅಪ್ಪಾ, ಅವು ಮಾರಾಕ ಅಷ್ಟ ಅದಾವ ಹೌದಿಲ್ಲೋ?"

"ಹೌದವ್ವಾ," ಎನ್ನುತ್ತಿದ್ದೆ. ಆಮೇಲೆ ಗಿರಾಕಿಗಳ ಸಾಮಾನು ಕಟ್ಟುತ್ತಿದ್ದೆ.

ಮೂರ್ಛೆ ನಿಜವಾಗಿಯೂ ಕಡಿಮೆಯಾಯಿತು. ಆ ವರ್ಷದ ಪಂಚಮಿಗೆ ಓಣಿಯ ಹುಡುಗಿಯರ ಜೊತೆ ಜೋಕಾಲಿ ಆಡಿದಳು. ಹೆಂಡತಿ ಹಗ್ಗ ಹಿಡಿದುಕೊಂಡೇ ನಿಂತಿದ್ದಳು, ಮಗಳು ಬೀಳಲಿಲ್ಲ. ಆ ಮಧ್ಯಾಹ್ನ ನಾವಿಬ್ಬರೂ ಎಷ್ಟೋ ದಿನಗಳ ಮೇಲೆ ನಕ್ಕೆವು.

ಚಳಿಗಾಲದಲ್ಲಿ ಕೆಮ್ಮು ಬಂತು. ಕೆಮ್ಮು ನ್ಯುಮೋನಿಯಾಕ್ಕೆ ತಿರುಗಿತು. ಕೊಪ್ಪಳದ ಆಸ್ಪತ್ರೆಯಲ್ಲಿ ಡಾಕ್ಟರುಗಳು ಮಾಡುವುದನ್ನೆಲ್ಲ ಮಾಡಿದರು. ಮಗಳು ಉಳಿಯಲಿಲ್ಲ. ಪಥ್ಯಕ್ಕೂ ಇದಕ್ಕೂ ಸಂಬಂಧವಿಲ್ಲವೆಂದು ದೊಡ್ಡ ಡಾಕ್ಟರು ಹೆಂಡತಿಯ ಎದುರು ಕೂತು ನಿಧಾನವಾಗಿ ಹೇಳಿದರು. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ನಾನು ಇವತ್ತಿಗೂ ಕೇಳಿಲ್ಲ.

ಅದಾದ ಮೇಲೆ ಅವಳು ಬಹಳ ದಿನ ಗಂಗಾವತಿಯ ಅಕ್ಕನ ಮನೆಯಲ್ಲಿದ್ದಳು. ನಾನು ಅಂಗಡಿ ತೆರೆದೆ. ಬಂದವರಿಗೆ ಎಣ್ಣೆ ಬಿಟ್ಟು ಉಳಿದದ್ದೆಲ್ಲ ಕೊಟ್ಟೆ. ಎಣ್ಣೆ ಮಾತ್ರ ಖಾಲಿಯಾಗಿದೆ ಎಂದೆ. ಡಬ್ಬಿ ತುಂಬಿರುವುದು ಎದುರಿಗೇ ಕಾಣುತ್ತಿದ್ದರೂ ಯಾರೂ ಜಗಳ ಮಾಡಲಿಲ್ಲ.

ಹೆಂಡತಿ ತಿರುಗಿ ಬಂದ ಮೇಲೆ ಒಂದು ದಿನ ಹುಬ್ಬಳ್ಳಿಯ ಮೇಡಂ ಫೋನ್ ಮಾಡಿದರು. ಕುಷ್ಟಗಿ ಕಡೆಯ ಒಂದು ಮಗುವಿಗೆ ಅದೇ ಪಥ್ಯ ಶುರುವಾಗಿದೆ, ತಂದೆಗೆ ಅಳತೆ ತಿಳಿಯುತ್ತಿಲ್ಲ, ಮಾತಾಡುತ್ತೀರಾ ಎಂದರು. ಮಾತಾಡಿದೆ.

"ಕಪ್ಪಿನ ಗೆರಿ ನೋಡಬ್ಯಾಡ್ರಿ ಸಾಹೇಬ್ರ, ತಕ್ಕಡಿ ಮ್ಯಾಗ ಇಡ್ರಿ," ಎಂದೆ.

ಆತ, "ನಿಮ್ಮ ಮಗಳು ಈಗ ಹೆಂಗದಾಳ್ರಿ?" ಎಂದು ಕೇಳಿದ. ಮೇಡಂ ಹೇಳಿರಲಿಲ್ಲವೇನೋ.

ಫೋನ್ ಸ್ಪೀಕರಿನಲ್ಲಿತ್ತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಬಂದು ಫೋನ್ ತೆಗೆದುಕೊಂಡಳು.

"ಪಂಚಮಿ ಜೋಕಾಲಿ ಆಡಿದ್ಲ್ರಿ ಅಣ್ಣಾರ. ಬೀಳಲಿಲ್ಲ," ಎಂದಳು. ಆಮೇಲೆ ಆ ಮಗುವಿಗೆ ಮೊಟ್ಟೆಯಲ್ಲಿ ಎಣ್ಣೆ ಕಡೆಯುವುದು ಹೇಗೆಂದು ಬಿಡಿಸಿ ಹೇಳತೊಡಗಿದಳು.